ಒಣಕಸ

“ಒದ್ದೆ ಕಸ ಮುಟ್ಟಬೇಡಿ ಅಂತ ಬಡ್ಕೊಂಡೆ, ಕಿವಿ ಏನು ಅಡವಿಟ್ಟಿದ್ದೀರಾ? ಎಲೆ ಹಾಕಿ, ಪೇಪರ್ ಹಾಕಿ. ನಾಯಿ ಹೇತಿದ್ದು, ಕೊಳೆತಿದ್ದು ಒಂದು ಚೂರು ಕಾಣಬಾರದು. ಏಯ್ ಬಾಯಾಳಿ, ನಿನಗೇ ಹೇಳ್ತಿರೋದು ಮುಂಡೇದೆ. ಸುರಿ ಅಂದ್ರೆ ಸುರಿ, ಮುಖ ಏನ್ ನೋಡ್ತೀಯ?”

ಮೇಸ್ತ್ರಿ ಹೀಗೆ ಬಯ್ಯುವಾಗ ನಾನೂ ಗಿಡ್ಡಕ್ಕನೂ ಬೆಳಗಿನಿಂದ ಗುಡಿಸಿ ಚೊಕ್ಕ ಮಾಡಿದ್ದ ರಸ್ತೆಯ ನಡುವೆ ನಿಂತಿದ್ದೆವು. ಒಂದು ಕಡೆ ಮೆಡಿಕಲ್ ಕಾಲೇಜಿನ ಗೇಟು, ಅದರ ಎದುರಿಗೆ ಹುಡುಗಿಯರ ಹಾಸ್ಟೆಲು, ನಡುವೆ ನಮ್ಮ ರಸ್ತೆ. ನಮ್ಮದು ಅಂದರೆ ಗುಡಿಸುವುದಕ್ಕೆ ಮಾತ್ರ ನಮ್ಮದು. ಗುಡ್ಡೆ ಮಾಡಿ ಚೀಲಕ್ಕೆ ತುಂಬಿದ್ದನ್ನು ಈಗ ವಾಪಸು ಅದೇ ರಸ್ತೆಗೆ ಚೆಲ್ಲಬೇಕಂತೆ. ಕಸ ತೆಗೆ ಎಂದು ಬಯ್ಯಿಸಿಕೊಂಡಿದ್ದೇನೆ, ಸರಿಯಾಗಿ ತೆಗೆ ಎಂದು ಬಯ್ಯಿಸಿಕೊಂಡಿದ್ದೇನೆ. ಕಸ ಹಾಕು ಎಂದು ಬಯ್ಯಿಸಿಕೊಂಡದ್ದು ಅವತ್ತೇ ಮೊದಲು.

ಗಿಡ್ಡಕ್ಕ ನನ್ನ ಜೋಡಿ. ಆಳು ಗಿಡ್ಡ, ನಾಲಗೆ ಉದ್ದ. ಮದುವೆಯಾಗಿ ಈ ಕೇರಿಗೆ ಬಂದಾಗಿನಿಂದ ನನಗೆ ಅಕ್ಕ ಅಂದರೆ ಅವಳೇ. ಅವಳು ಚೀಲದ ಬಾಯಿ ಬಿಚ್ಚದೆ, ಇದೇನು ಸಾರ್ ಹುಚ್ಚಾಟ, ಗುಡಿಸಿದ ಕೈಯಲ್ಲೇ ಗಲೀಜು ಮಾಡಿಸ್ತೀರಲ್ಲ ಎಂದು ಕೇಳಿದಳು. ಮೇಸ್ತ್ರಿ ಬಾಯಲ್ಲಿದ್ದುದನ್ನು ನಾವು ಗುಡಿಸಿದ ಜಾಗಕ್ಕೇ ಉಗಿದು ವಿಷಯ ಹೇಳಿದ. ಕಾಲೇಜಿನ ಹುಡುಗರು ಮೀಸಲಾತಿ ತೆಗೀರಿ ಎಂದು ವಾರದಿಂದ ಗಲಾಟೆ ಮಾಡುತ್ತಿದ್ದರಲ್ಲ, ಅವರು ಇವತ್ತು ರಸ್ತೆ ಗುಡಿಸುತ್ತಾರೆ. ಪೇಪರಿನವರು, ಟೀವಿಯವರು ಬರುತ್ತಾರೆ. ರಸ್ತೆ ಕನ್ನಡಿ ಹಾಗಿದ್ದರೆ ಅವರು ಏನನ್ನು ಗುಡಿಸಬೇಕು? ಮೇಲಿನಿಂದ ಫೋನು ಬಂದಿದೆ. ಎಲ್ಲ ದೊಡ್ಡ ಮನೆಯ ಮಕ್ಕಳು, ಕೈಗೆ ಮೈಗೆ ಏನೂ ಹತ್ತಬಾರದು, ವಾಸನೆ ಬರಬಾರದು, ಆದರೆ ಫೋಟೋದಲ್ಲಿ ಕಸ ಅಂತ ಕಾಣಬೇಕು.

“ಡಾಕ್ಟರ್ ಓದೋರು ಯಾಕೆ ಸಾರ್ ಗುಡಿಸ್ತಾರೆ?” ಅಂದೆ. ಗೊತ್ತಿದ್ದೇ ಕೇಳಿದೆ.

“ನಿಮ್ಮಂಥೋರೆಲ್ಲ ಡಾಕ್ಟರಾದ್ರೆ ಅವರು ಇದನ್ನೇ ತಾನೇ ಮಾಡ್ಬೇಕು? ಅದನ್ನ ಊರಿಗೆ ತೋರಿಸ್ತಾರೆ. ಎಷ್ಟು ತಲೆಮಾರು ಅಂತ ತಿಂತೀರೇ ನೀವು, ಕೂತ್ಕೊಂಡು?”

ಕೂತುಕೊಂಡು ಎನ್ನುವ ಮಾತು ಕೇಳಿ ಗಿಡ್ಡಕ್ಕ ತನ್ನ ಬೊಬ್ಬೆ ಎದ್ದ ಅಂಗೈ ನೋಡಿಕೊಂಡಳು. ಈ ಮೇಸ್ತ್ರಿಗೆ ಮೇಸ್ತ್ರಿಗಿರಿ ಬಂದದ್ದು ಹೆಂಡತಿಯ ತಮ್ಮ ಕೌನ್ಸಿಲರ್ ಆದ ವರ್ಷ. ಅದಕ್ಕಿಂತ ಮೊದಲು ಇವನು ಬಸ್ ಸ್ಟ್ಯಾಂಡಿನಲ್ಲಿ ಸಂಜೆತನಕ ಬೀಡಿ ಸೇದುತ್ತಿದ್ದ. ಭಾವಮೈದುನನ ಕೋಟಾಕ್ಕೆ ಯಾರೂ ಹೆಸರಿಟ್ಟಿಲ್ಲ, ಅದರ ವಿರುದ್ಧ ಯಾರೂ ಗುಡಿಸಲು ಬರುವುದಿಲ್ಲ. ನನ್ನ ನಾಲಗೆಯ ತುದಿಗೆ ಇದೆಲ್ಲ ಬಂತು. ನುಂಗಿಕೊಂಡೆ. ನಾವು ಗುತ್ತಿಗೆಯವರು. ನಾಳೆಯಿಂದ ಬರಬೇಡ ಎಂದು ಅವನು ಬಾಯಲ್ಲಿ ಹೇಳಿದರೆ ಸಾಕು, ಕೆಲಸ ಹೋದ ಹಾಗೆಯೇ. ಅದಕ್ಕಿಂತ ಹೆಚ್ಚಾಗಿ, ಅವತ್ತು ನಾನು ಆ ರಸ್ತೆಯಲ್ಲಿ ಇರಲೇಬೇಕಿತ್ತು. ಆ ಗೇಟಿನೊಳಗೆ ಓದುತ್ತಿದ್ದ ಒಂದು ಹುಡುಗಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಅದು ಮೇಸ್ತ್ರಿಗೆ ಗೊತ್ತಿರಲಿಲ್ಲ.

ಚೀಲ ಬೋರಲು ಹಾಕಿ ಕಸ ಸುರಿದೆವು. ಗಾಳಿಗೆ ಎಲೆ ಹಾರದಂತೆ ಮೇಲೆ ಹರಿದ ರಟ್ಟು ಇಡಿಸಿದ. ಮದುವೆಮನೆಗೆ ಹೂವು ಹರಡಿದ ಹಾಗೆ ಹರಡಿಸಿದ ಬೋಳಿಮಗ.

*

ನನ್ನ ಅತ್ತೆ ಈ ರಸ್ತೆ ಗುಡಿಸಿದಳು. ಅವಳ ಅತ್ತೆಯೂ ಗುಡಿಸಿದಳು. ಅತ್ತೆ ಸತ್ತ ಮೇಲೆ ಪೊರಕೆ ನನ್ನ ಕೈಗೆ ಬಂತು. ಯಾರೂ ನನಗೆ ಪರೀಕ್ಷೆ ಇಡಲಿಲ್ಲ, ಯಾರೂ ಪೈಪೋಟಿಗೆ ಬರಲಿಲ್ಲ. ಈ ಕೆಲಸವನ್ನೆಲ್ಲ ಅವರಿಗೇ ಕೊಟ್ಟರೆ ನಮ್ಮ ಮಕ್ಕಳ ಗತಿ ಏನು ಎಂದು ಯಾವ ಮಹರಾಯನೂ ನಡುರಸ್ತೆಯಲ್ಲಿ ಕೂರಲಿಲ್ಲ.

ನಮ್ಮ ಕೇರಿಯಲ್ಲಿ ಮೊದಲು ಆಫೀಸಿನ ಕುರ್ಚಿ ಕಂಡವನು ನನ್ನ ಗಂಡನ ದೊಡ್ಡಪ್ಪ. ಶಾಲೆಯಲ್ಲಿ ಬಾಗಿಲ ಹೊರಗೆ ಕೂತು ಕಲಿತವನು. ಮೀಸಲಾತಿ ಕಾನೂನು ಬಂದ ಹೊಸದರಲ್ಲಿ ಅವನಿಗೆ ಗುಮಾಸ್ತನ ಕೆಲಸ ಸಿಕ್ಕಿತು. ಅವನ ಲೋಟವನ್ನು ಆಫೀಸಿನ ಕಿಟಕಿಯಾಚೆ ಇಡುತ್ತಿದ್ದರು. ಅವನು ಕುರ್ಚಿಯಲ್ಲಿ ಕೂತಾಗಲೆಲ್ಲ ಯಾರಾದರೊಬ್ಬರು ಬಂದು ಎದುರು ನಿಲ್ಲುತ್ತಿದ್ದರು, ಅವನು ಎದ್ದು ನಿಲ್ಲಬೇಕಿತ್ತು. ಹಾಗೇ ಎದ್ದು ಎದ್ದು ಅಭ್ಯಾಸವಾಗಿ, ರಿಟೈರಾಗಿ ಮನೆಗೆ ಬಂದ ಮೇಲೂ ಯಾರಾದರೂ ಬಾಗಿಲು ಬಡಿದರೆ ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದ. ನನ್ನ ಮಗಳು ಆಗ ಚಿಕ್ಕವಳು. ತಾತ ಯಾಕೆ ಎದ್ದೇಳ್ತಾನೆ ಎಂದು ಕೇಳುತ್ತಿದ್ದಳು. ನಾನು ಏನೋ ಒಂದು ಸುಳ್ಳು ಹೇಳುತ್ತಿದ್ದೆ.

ಅವಳಿಗೆ ಸೀಟು ಸಿಕ್ಕಿದ ದಿನ ಕೇರಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ, ಎಲ್ಲರೂ ನಮ್ಮ ಮನೆಯ ಮುಂದೆಯೇ ಉಂಡರು. ನನ್ನ ಗಂಡ ಬದುಕಿದ್ದಿದ್ದರೆ ಕುಣಿಯುತ್ತಿದ್ದ. ಅವನ ಪಾಲಿನದನ್ನು ಗಿಡ್ಡಕ್ಕ ಕುಣಿದಳು. ಅವತ್ತೇ ನಾನು ಮಗಳಿಗೆ ಒಂದು ಮಾತು ಹೇಳಿದ್ದೆ. ರಸ್ತೆಯಲ್ಲಿ ನಾನು ನಿನ್ನ ತಾಯಿ ಅಲ್ಲ. ನೀನು ಪುಸ್ತಕ ಹಿಡಿದು ಹೋಗು, ನಾನು ಪೊರಕೆ ಹಿಡಿದು ನಿಂತಿರ್ತೀನಿ, ನೀನು ನನ್ನ ಕಡೆ ತಿರುಗಿದರೆ ನನ್ನ ಮೇಲಾಣೆ. ಅವಳು ಜಗಳ ಮಾಡಿದಳು, ಅತ್ತಳು, ಕೊನೆಗೆ ಒಪ್ಪಿದಳು. ನಾಯಿ ಬಂದರೂ ಅದಕ್ಕೆ ದಾರಿ ಬಿಟ್ಟು ಹೋಗುವವಳು ನನ್ನ ಮುಂದೆ ಮಾತ್ರ ಮುಖ ಆಚೆ ಮಾಡಿಕೊಂಡು ಹೋಗುತ್ತಿದ್ದಳು. ನಾನೇ ಹೇಳಿದ್ದು, ಆದರೂ ಪ್ರತಿ ಸಲ ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸುತ್ತಿದ್ದೆ.

ಅಷ್ಟು ಮುಚ್ಚಿಟ್ಟರೂ ಕೋಟಾದವಳು ಎನ್ನುವುದು ಮುಚ್ಚುವ ಸಂಗತಿಯಲ್ಲ. ವಾರ್ಡಿನಲ್ಲಿ ರೋಗಿಯ ಮುಂದೆಯೇ ಒಬ್ಬ ಮೇಷ್ಟ್ರು, ನೀನು ಯಾವ ಬಾಗಿಲಿಂದ ಬಂದವಳಮ್ಮ, ಮುಂದಿನ ಬಾಗಿಲೋ ಹಿಂದಿನ ಬಾಗಿಲೋ ಎಂದು ಕೇಳಿದನಂತೆ. ಮಲಗಿದ್ದ ರೋಗಿ ಅವಳ ಕೈಯಿಂದ ತನ್ನ ಕೈ ಎಳೆದುಕೊಂಡನಂತೆ. ಅವಳು ಇದನ್ನು ಹೇಳುವಾಗ ಅಳಲಿಲ್ಲ. ರೋಗಿಯ ನಾಡಿ ಎಷ್ಟಿತ್ತು ಎಂದು ನೋಡುವುದಕ್ಕೆ ಆಗಲಿಲ್ಲವಲ್ಲ ಎಂದಷ್ಟೇ ಹೇಳಿದಳು.

ಹೀಗೆ ಕಸ ಚೆಲ್ಲಿದ ದಿನದ ಹಿಂದಿನ ಸಂಜೆ ನಾನು ಹಾಸ್ಟೆಲಿನ ಹಿತ್ತಲಲ್ಲಿ ಡಬ್ಬಿ ಖಾಲಿ ಮಾಡುತ್ತಿದ್ದಾಗ ಅವಳು ಬಟ್ಟೆ ಒಣಹಾಕುವ ನೆಪದಲ್ಲಿ ಇಳಿದು ಬಂದಳು. ಅಲ್ಲಿ ಮಾತ್ರ ನಾವು ತಾಯಿ ಮಗಳು.

ನಾಳೆ ಅವಳ ಪ್ರಾಕ್ಟಿಕಲ್ ಪರೀಕ್ಷೆ. ಹೋದ ಸಲ ಕಾಮಾಲೆಯಾಗಿ ಮಲಗಿದ್ದರಿಂದ ಅದು ತಪ್ಪಿತ್ತು. ಉಳಿದವರದೆಲ್ಲ ಆಗಲೇ ಮುಗಿದಿತ್ತು, ಬಾಕಿ ಇದ್ದದ್ದು ಅವಳದೊಂದೇ. ಪರೀಕ್ಷೆ ಮಾಡುವವರು ಬೇರೆ ಊರಿನಿಂದ ಆಗಲೇ ಬಂದು ಕಾಲೇಜಿನೊಳಗೆ ಉಳಿದಿದ್ದಾರೆ, ನಾಳೆ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ. ಈ ಸಲವೂ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ, ಸೀಟು ಹೋಗುತ್ತದೆ. ಗಲಾಟೆಯ ಹುಡುಗರೋ ಗೇಟಿನೊಳಗೆ ಒಂದು ನರಪಿಳ್ಳೆಯನ್ನೂ ಬಿಡುವುದಿಲ್ಲ ಎಂದು ಹಾಸ್ಟೆಲಿನಲ್ಲಿ ಸಾರಿ ಹೋಗಿದ್ದಾರೆ. ಪ್ರಿನ್ಸಿಪಾಲರನ್ನು ಕೇಳಲು ಹೋದರೆ, ನೀನು ಬಂದರೆ ಪರೀಕ್ಷೆ ಇದೆ, ಬರುವುದು ಬಿಡುವುದು ನಿನ್ನ ಜವಾಬ್ದಾರಿ ಎಂದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

“ನಿನ್ನ ರೂಮಿನ ಹುಡುಗಿ ಏನಂತಾಳೆ?” ಎಂದು ಕೇಳಿದೆ. ಒಳ್ಳೆಯ ಹುಡುಗಿ ಅದು, ಕಾಮಾಲೆಯಲ್ಲಿ ಇವಳಿಗೆ ಗಂಜಿ ಕುಡಿಸಿದ್ದಳು.

“ಅವಳೂ ಗುಡಿಸೋಕೆ ಹೋಗ್ತಾಳೆ. ಅವಳ ತಂಗಿಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬಂದಿತ್ತಂತೆ, ಸೀಟು ಸಿಗಲಿಲ್ಲ. ನಿನ್ನ ಮೇಲೆ ಕೋಪ ಇಲ್ಲ ಕಣೇ, ಆದ್ರೆ ನನ್ನ ತಂಗಿ ಊಟ ಬಿಟ್ಟು ಮಲಗಿದ್ದನ್ನ ಹೇಗೆ ಮರೀಲಿ ಅಂದ್ಳು.”

“ನೀನೇನಂದೆ?”

“ನಿನ್ನ ತಂಗಿ ಎಷ್ಟು ದಿನ ಊಟ ಬಿಟ್ಟಿದ್ಳು ಅಂತ ಕೇಳಿದೆ. ಎರಡು ದಿನ ಅಂದ್ಳು.”

ಬೆಳಿಗ್ಗೆ ಬೇಗ ಎದ್ದು ಒಳಗೆ ಹೋಗಿಬಿಡು ಮಗಾ ಎಂದೆ. ಗೇಟಿಗೆ ಅವರು ಇವತ್ತಿನಿಂದಲೇ ಕಾವಲು ಕೂತಿದ್ದಾರೆ ಎಂದಳು. ನೋಡೋಣ ಬಿಡವ್ವ ಎಂದು ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಕೊಡವಿದಳು. ಇಸ್ತ್ರಿ ಮಾಡಿಟ್ಟ ಬಿಳಿ ಕೋಟು ಒಂದೇ ಇತ್ತು, ಯಾರಾದರೂ ಕೆಡಿಸಿಯಾರೆಂದು ಅದನ್ನು ಅವಳು ಹೊರಗೆ ಒಣಹಾಕುತ್ತಲೇ ಇರಲಿಲ್ಲ.

*

ಗೇಟಿನ ಬಳಿ ರಾತ್ರಿಯಿಂದ ನಾಲ್ಕೈದು ಹುಡುಗರು ಕಾವಲಿದ್ದರು, ಉಳಿದವರು ಬಿಸಿಲು ಚುರುಕಾಗುವ ಹೊತ್ತಿಗೆ ಬಂದರು. ನೂರಾರು ಬಿಳಿ ಕೋಟು. ಕೈಯಲ್ಲಿ ಹೊಸ ಪೊರಕೆ, ಅದೂ ಮನೆಯೊಳಗೆ ನುಣುಪು ನೆಲಕ್ಕೆ ಇಟ್ಟುಕೊಳ್ಳುವ ಹೂಪೊರಕೆ. ಹಿಡಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಕೂಡ ಯಾರೂ ಬಿಚ್ಚಿರಲಿಲ್ಲ. ಅದನ್ನು ಕಂಡು ಗಿಡ್ಡಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ, ನನ್ನ ಕಣ್ಣೆಲ್ಲ ಹಾಸ್ಟೆಲಿನ ಬಾಗಿಲ ಮೇಲಿತ್ತು.

ಎರಡು ಸಾಲಾಗಿ ಎದುರುಬದುರು ನಿಂತು ಗುಡಿಸಿದರು. ಈ ಸಾಲು ತಳ್ಳಿದ್ದು ಆ ಸಾಲಿನ ಕಾಲಿಗೆ, ಆ ಸಾಲು ತಳ್ಳಿದ್ದು ಈ ಸಾಲಿನ ಕಾಲಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಧೂಳೆದ್ದು ಒಬ್ಬಳು ಹುಡುಗಿ ಸೀನತೊಡಗಿದಳು. ಫೋಟೋದವನು ಇನ್ನೂ ಬಗ್ಗಿ, ಮುಖ ಸಪ್ಪಗೆ ಮಾಡಿ ಎಂದು ಕೂಗುತ್ತಿದ್ದ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು.

“ಏನಮ್ಮ, ಸ್ವಲ್ಪ ಆಚೆ ನಿಂತ್ಕೊಳ್ತೀರಾ? ನೀವು ಫೋಟೋದಲ್ಲಿ ಬರ್ತಿದ್ದೀರಿ.”

ರಸ್ತೆ ಗುಡಿಸುವ ಫೋಟೋದಲ್ಲಿ ರಸ್ತೆ ಗುಡಿಸುವವಳು ಬರಬಾರದಂತೆ. ಮೇಸ್ತ್ರಿ ಓಡಿಬಂದು ನಮ್ಮನ್ನು ಪಕ್ಕದ ಗಲ್ಲಿಯ ಬಾಯಿಗೆ ಅಟ್ಟಿದ. ಗಲ್ಲಿಯೊಳಗೆ ನಮ್ಮ ಕೇರಿಯ ಗೂರಲಣ್ಣ ಚರಂಡಿಯಿಂದ ಹೂಳು ಎತ್ತುತ್ತಿದ್ದ. ಗೂರಲು ಹತ್ತಿದ ಎದೆ ಅವನದು, ಉಸಿರೆಳೆದರೆ ಬೀದಿಗೆಲ್ಲ ಕೇಳುತ್ತದೆ. ಚರಂಡಿಗೆ ಚಳವಳಿಯೂ ಇಲ್ಲ ರಜೆಯೂ ಇಲ್ಲ, ಅದು ಕಟ್ಟಿಕೊಂಡಿತ್ತು, ಅವನು ತೊಡೆಮಟ್ಟ ಇಳಿದು ಬಾಂಡಲಿಯಲ್ಲಿ ಎತ್ತಿ ತಳ್ಳುಗಾಡಿಗೆ ಸುರಿಯುತ್ತಿದ್ದ. ಗಾಡಿ ಕರಿಯ ಹೂಳಿನಿಂದ ತುಂಬಿ ತುಳುಕುತ್ತಿತ್ತು.

ಅಷ್ಟರಲ್ಲಿ ಮೈಕು ಶುರುವಾಯಿತು. ಹಿಡಿದಿದ್ದವನು ಉದ್ದನೆಯ ಹುಡುಗ, ನಾವು ವಾರದಿಂದ ಅವನನ್ನು ಮೈಕು ಎಂದೇ ಕರೆಯುತ್ತಿದ್ದೆವು. ಅವನ ಅಪ್ಪ ಡಾಕ್ಟರು, ತಾತ ಡಾಕ್ಟರು, ಪೇಟೆಯಲ್ಲಿ ಅವರ ಹೆಸರಿನದೇ ಆಸ್ಪತ್ರೆ ಇದೆ. ಹಗಲು ರಾತ್ರಿ ಓದಿದ ನಾವು ನಾಳೆ ಈ ಗತಿಗೆ ಬರ್ತೀವಿ ಎಂದು ಪೊರಕೆ ಎತ್ತಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗತಿ ಎಂದು ಅವನು ತೋರಿಸಿದ್ದು ನನ್ನ ಬದುಕನ್ನು.

“ನಮ್ಮ ತಾತಂದಿರು ಏನೋ ಮಾಡಿದ್ರು ಅಂತ ನಮಗ್ಯಾಕೆ ಶಿಕ್ಷೆ?” ಎಂದು ಮೈಕು ಕೇಳಿತು.

ಚರಂಡಿಯೊಳಗಿಂದ ಗೂರಲಣ್ಣ ಏದುತ್ತ ಹೇಳಿದ, “ತಾತನ ಆಸ್ಪತ್ರೆ ಬೇಕು, ತಾತನ ಪಾಪ ಬೇಡ. ಚೆನ್ನಾಗಿದೆ ಸೂಳೆಮಕ್ಕಳ ಬಾಳು.”

ಸುಮ್ನಿರೋ ಎಂದು ಗಿಡ್ಡಕ್ಕ ಅವನನ್ನು ಗದರಿದಳು. ಹಾಸ್ಟೆಲಿನ ಬಾಗಿಲು ತೆರೆದಿತ್ತು.

*

ಒಬ್ಬಳೇ ಬಂದಳು. ಇಸ್ತ್ರಿಯ ಕೋಟು, ಕೊರಳಲ್ಲಿ ಎದೆ ನೋಡುವ ಕೊಳವೆ, ಕೈಯಲ್ಲಿ ಒಂದು ಪುಸ್ತಕ. ಮೆಟ್ಟಿಲಿಳಿದು ನೇರ ಗೇಟಿನ ಕಡೆಗೆ ನಡೆದಳು. ಸಾಲು ತಿರುಗಿತು. ಒಬ್ಬರ ಹಿಂದೆ ಒಬ್ಬರು ಬಂದು ಗೇಟಿನ ಉದ್ದಕ್ಕೂ ಗೋಡೆಯಾಗಿ ನಿಂತರು. ಅವಳ ಹಿಂದೆಯೂ ನಿಂತರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಪರೀಕ್ಷೆ ಇದೆ, ದಾರಿ ಬಿಡಿ ಎಂದಳು. ಮೈಕು ತನ್ನ ಮೈಕನ್ನು ಪಕ್ಕದವನಿಗೆ ಕೊಟ್ಟು ಹತ್ತಿರ ಬಂದು ನಯವಾಗಿ ಮಾತಾಡಿದ. ನಾವು ಯಾರಿಗೂ ಅನ್ಯಾಯ ಮಾಡುವವರಲ್ಲ, ಪರೀಕ್ಷೆಗೆ ಹೋಗು, ಆದರೆ ನಮ್ಮ ಹಾಗೆ ನೀನೂ ಇಲ್ಲಿಂದ ಗೇಟಿನವರೆಗೆ ಗುಡಿಸಿಕೊಂಡು ಹೋಗು, ನಾವೆಲ್ಲ ಗುಡಿಸಿಲ್ವಾ ಎಂದ. ಒಂದು ಹೂಪೊರಕೆಯನ್ನು ಅವಳ ಮುಂದೆ ಚಾಚಿದ. ಯಾರೋ ಹಿಂದಿನಿಂದ, ಅವಳಿಗೆ ನಾವು ಹೇಳಿಕೊಡಬೇಕಾ, ರಕ್ತದಲ್ಲೇ ಬಂದಿರುತ್ತೆ ಎಂದ. ನಗು ಎದ್ದಿತು. ಫೋಟೋದವರು ಜಾಗಕ್ಕೆ ತಳ್ಳಾಡಿದರು.

ನಾನು ಗಲ್ಲಿಯ ಬಾಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಮನಸ್ಸು ಏನು ಬೇಡಿಕೊಂಡಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಿಡ್ಕೊಂಡುಬಿಡು ಮಗಾ, ನಾಲ್ಕು ಸಲ ಆಡಿಸಿ ಒಳಗೆ ಹೋಗಿಬಿಡು. ನಿನ್ನಜ್ಜಿ ಸಾಯುವ ತನಕ ಗುಡಿಸಿದಳು, ನಾನು ಸಾಯುವ ತನಕ ಗುಡಿಸುತ್ತೇನೆ, ನೀನು ನಾಲ್ಕು ಹೆಜ್ಜೆ ಗುಡಿಸಿದರೆ ಕೈ ಸವೆದುಹೋಗಲ್ಲ. ಪರೀಕ್ಷೆ ದೊಡ್ಡದು, ಸೀಟು ದೊಡ್ಡದು. ಬಗ್ಗು ಮಗಾ. ಹೀಗೇ ಬೇಡಿಕೊಂಡೆ. ಬಗ್ಗಿಸಿ ಬಗ್ಗಿಸಿ ನಮ್ಮ ಎಲುಬು ಬಗ್ಗಿದ್ದು ಸಾಲದು ಎಂದು ನಾನೇ ಅವಳ ಬೆನ್ನು ಬಗ್ಗಿಸಲು ಹೊರಟಿದ್ದೆ.

ಅವಳು ಪೊರಕೆ ಮುಟ್ಟಲಿಲ್ಲ. ಮೈಕು ಅದನ್ನು ಅವಳ ಎದೆಗೆ ಒತ್ತಿ ಹಿಡಿದ. ಅವಳು ಕೈಕಟ್ಟಿಕೊಂಡಳು. ಯಾರೋ ಅವಳ ಪುಸ್ತಕ ಕಸಿದರು, ಇನ್ನು ಯಾರೋ ಕೋಟಿನ ತೋಳು ಜಗ್ಗಿದರು, ಹೊಲಿಗೆ ಬಿಟ್ಟದ್ದು ನನಗೆ ಅಷ್ಟು ದೂರಕ್ಕೂ ಕಂಡಿತು. ರೂಮಿನ ಹುಡುಗಿ ಸಾಲಿನಲ್ಲೇ ಇದ್ದಳು. ತನ್ನ ಪೊರಕೆಯ ಕಡ್ಡಿ ಎಣಿಸುವವಳ ಹಾಗೆ ತಲೆ ತಗ್ಗಿಸಿ ನಿಂತಿದ್ದಳು. ಮಹಡಿಯ ಕಿಟಕಿಯಲ್ಲಿ ಪ್ರಿನ್ಸಿಪಾಲರು ಕಂಡರು. ನೋಡಿದರು, ಪರದೆ ಎಳೆದುಕೊಂಡರು.

ಆಗ ಮಗಳು ಗುಂಪಿನ ತಲೆಗಳ ನಡುವೆ ಯಾರನ್ನೋ ಹುಡುಕಿದಳು. ನನ್ನನ್ನೇ. ನಾನು ಆಣೆ ಹಾಕಿದ್ದ ರಸ್ತೆಯಲ್ಲಿ, ಅಷ್ಟೂ ಕ್ಯಾಮೆರಾಗಳ ಮುಂದೆ ಕೂಗಿದಳು.

“ಅವ್ವಾ, ನಾನು ಇದನ್ನ ಹಿಡಿಯಲ್ಲ. ಸೀಟು ಹೋದ್ರೆ ಹೋಗ್ಲಿ.”

ಎಲ್ಲರೂ ತಿರುಗಿ ನೋಡಿದರು. ಆಮೇಲೆ, ಓಹೋ ಇವಳ ಅಮ್ಮ ಇಲ್ಲೇ ಇದ್ದಾಳೆ, ಪ್ರಾಕ್ಟಿಕಲ್ ಮೇಡಂ ಇಲ್ಲೇ ಇದ್ದಾರೆ ಎಂದು ಒಬ್ಬ ಕೂಗಿದ. ಶಿಳ್ಳೆ ಬಿತ್ತು. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನನ್ನನ್ನೂ ಅವಳನ್ನೂ ನೋಡಿದ. ತನ್ನ ಕೈಕೆಳಗಿನ ಹೆಂಗಸಿನ ಮಗಳು ಡಾಕ್ಟರ್ ಓದುತ್ತಿದ್ದಾಳೆ ಎನ್ನುವುದನ್ನು ನುಂಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ರಟ್ಟೆ ಹಿಡಿದು ಕಿವಿಯ ಹತ್ತಿರ ಹಲ್ಲು ಕಡಿದ.

“ಹೋಗಿ ನಿನ್ನ ಮಗಳಿಗೆ ಹೇಳೇ, ಪೊರಕೆ ಹಿಡ್ಕೊಂಡು ಮುಗಿಸು ಅಂತ. ಗಲಾಟೆ ಆದ್ರೆ ನನ್ನ ತಲೆ ಹೋಗುತ್ತೆ. ನನ್ನ ತಲೆ ಹೋಗೋದಕ್ಕೆ ಮುಂಚೆ ನಿನ್ನ ಕೆಲಸ ಹೋಗುತ್ತೆ, ತಿಳ್ಕೊ.”

ಅವನ ಕೈಯಿಂದ ರಟ್ಟೆ ಬಿಡಿಸಿಕೊಂಡೆ. ಮಗಳ ಆ ಕೂಗು ನನ್ನ ಹೊಟ್ಟೆಯೊಳಗೆ ಏನನ್ನು ಕಿತ್ತು ಹಾಕಿತೋ ಗೊತ್ತಿಲ್ಲ, ಇಷ್ಟು ವರ್ಷ ಅಲ್ಲಿ ಗೂಟ ಹೊಡೆದು ಕೂತಿದ್ದ ಭಯ ಅಲ್ಲಿರಲಿಲ್ಲ. ಬರೀ ಸಿಟ್ಟಿತ್ತು. ಅವಳ ಮೇಲೂ ಇತ್ತು, ಸೀಟು ಹೋಗ್ಲಿ ಅಂತಾಳಲ್ಲ, ಹೋಗೋಕೆ ಅದೇನು ಇವಳಪ್ಪನ ಮನೆಯದಾ ಎಂದು. ಗೂರಲಣ್ಣನ ಗಾಡಿಯ ಹಿಡಿಗೆ ಕೈ ಹಾಕಿದೆ.

“ಏನ್ ಮಾಡ್ತೀಯ?” ಎಂದು ಅವನು ಚರಂಡಿಯಿಂದಲೇ ಕೇಳಿದ.

“ಗಾಡಿ ಬೇಕು.”

ಅವನು ಮೇಲೆ ಹತ್ತಿ ಬಂದು ಗಾಡಿಯ ಗಾಲಿಗೆ ಕೊಟ್ಟಿದ್ದ ಕಲ್ಲು ತೆಗೆದ. ಎರಡು ಬಾಂಡಲಿ ಹೆಚ್ಚಿಗೇ ಸುರಿದ.

ಗಾಡಿ ಭಾರ ಇತ್ತು. ಗಲ್ಲಿಯಿಂದ ರಸ್ತೆಗೆ ತಿರುಗಿಸುವಾಗ ಅರ್ಧ ಮಣ ಹೂಳು ನನ್ನ ಕಾಲಮೇಲೇ ಬಿತ್ತು. ದಾರಿ ಬಿಡಿ, ಗಾಡಿ ಬಂತು ಎಂದು ಕೂಗಿದೆ. ದಿನಾ ಕೂಗುವ ಕೂಗೇ ಅದು. ಮೊದಲು ವಾಸನೆ ಹೋಯಿತು, ಅದರ ಹಿಂದೆ ಗಾಡಿ ಹೋಯಿತು. ಮೊದಲನೇ ಸಾಲಿನವರು ಮೂಗು ಮುಚ್ಚಿದರು. ಎರಡನೇ ಸಾಲಿನವರು ಕೋಟು ಒಟ್ಟು ಮಾಡಿಕೊಂಡರು. ಒಬ್ಬ ಅಯ್ಯಯ್ಯೋ ಎಂದು ಪಕ್ಕದವನ ಮೇಲೆ ಬಿದ್ದ, ಅವನು ಅವನಾಚೆಯವನ ಮೇಲೆ ಬಿದ್ದ. ನಾನು ಯಾರನ್ನೂ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೇ ಬೀಳಲಿಲ್ಲ. ನಮ್ಮ ಗಾಳಿ ಸೋಕಬಾರದು ಎಂದು ಇವರ ತಾತಂದಿರು ಎಷ್ಟು ದೂರ ಸರಿಯುತ್ತಿದ್ದರೋ ಅಷ್ಟೇ ದೂರ ಇವರೂ ಸರಿದರು. ಆ ಜನದ ನಡುವೆ ಅಗಲವಾದ ದಾರಿ ಆಯಿತು, ಆ ದಾರಿಯ ಕೊನೆಗೆ ನನ್ನ ಮಗಳು ನಿಂತಿದ್ದಳು. ಅವಳೊಬ್ಬಳೇ ಸರಿಯಲಿಲ್ಲ.

“ಹಿಂದೆ ಬಾ,” ಎಂದೆ. “ನನ್ನ ಸೆರಗು ಹಿಡ್ಕೊ, ಬಿಡಬೇಡ.”

ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದಳಲ್ಲ, ಹಾಗೇ ಸೊಂಟದ ಹತ್ತಿರ ಬಿಗಿಯಾಗಿ. ಮೈಕು ಮಾತ್ರ ಗೇಟಿನ ನಡುವೆ ನಿಂತಿದ್ದ. ಅವನಿಗೂ ಹಟ ಇತ್ತು, ಕ್ಯಾಮೆರಾ ಇತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಆ ಭಾರ ನೂಕಲು ನನ್ನಿಂದ ಆಗುತ್ತಿರಲಿಲ್ಲ. ಗಾಡಿಯ ಮೂತಿ ಅವನ ಬೂಟಿನ ಹತ್ತಿರ ಬಂದಾಗ ಹೂಳು ಅಂಚಿನಿಂದ ತುಳುಕಿತು. ಅವನು ಪಕ್ಕಕ್ಕೆ ಹಾರಿದ. ಹಾರಿದ್ದಕ್ಕೆ ಅವನ ಮುಖ ಕೆಂಪಾಯಿತು, ಆದರೆ ಹಾರಿ ಆಗಿತ್ತು.

ಗೇಟು ದಾಟಿದೆವು. ಅವಳ ಕೋಟಿನ ಕೆಳಗೆಲ್ಲ ಕರಿಯ ಚುಕ್ಕೆ ಸಿಡಿದಿತ್ತು, ತೋಳು ಹರಿದು ಜೋತಿತ್ತು. ನಾನು ಸೆರಗಿನಿಂದ ಒರೆಸಲು ಹೋದೆ. ನನ್ನ ಸೆರಗು ಇನ್ನೂ ಗಲೀಜಾಗಿತ್ತು, ಚುಕ್ಕೆ ಇದ್ದದ್ದು ಬರೆಯಾಯಿತು. ನನಗೆ ಅಳು ಬಂತು. ಒಂದೇ ಕೋಟು ಅದು.

“ಬಿಡವ್ವ,” ಎಂದಳು. “ಹೀಗೇ ಹೋಗ್ತೀನಿ. ಕೇಳಿದ್ರೆ ಎಲ್ಲಿಂದ ಬಂದೆ ಅಂತ ಹೇಳ್ತೀನಿ.”

“ಚೆನ್ನಾಗಿ ಮಾಡು. ಆ ವಾರ್ಡಿನ ಮುದಿ ಮೇಷ್ಟ್ರು ಏನಾದ್ರೂ ಕಿಚಾಯಿಸಿದ್ರೆ ಉತ್ತರ ಕೊಡಬೇಡ, ಕೆಲಸ ಮಾಡು. ಹೋಗು, ಹೊತ್ತಾಯ್ತು.”

ಮೆಟ್ಟಿಲು ಹತ್ತಿ ಓಡಿದಳು. ಪುಸ್ತಕ ಕೈಯಲ್ಲಿರಲಿಲ್ಲ. ಕತ್ತಲೆಯ ಕಾರಿಡಾರಿನಲ್ಲಿ ಅವಳ ಕೋಟು ಸ್ವಲ್ಪ ದೂರ ಕಂಡು ಆಮೇಲೆ ಕಾಣಲಿಲ್ಲ.

ಹಿಂದೆ ಗದ್ದಲ ಎದ್ದಿತು. ಮೈಕಿಗೆ ಉಸಿರು ಬಂದಿತ್ತು. ಪರೀಕ್ಷೆ ಹಾಲ್‌ಗೇ ನುಗ್ಗೋಣ, ಹೇಗೆ ಮಾಡ್ತಾಳೆ ನೋಡೋಣ ಎಂದು ಕೂಗುತ್ತಿದ್ದ. ಗುಂಪು ಗೇಟಿನ ಕಡೆ ಬರತೊಡಗಿತು. ಎಲ್ಲರ ಮುಖವೂ ಒಂದೇ ಥರ ಕಂಡಿತು ನನಗೆ, ಗಂಜಿ ಕುಡಿಸಿದ ಹುಡುಗಿಯದೂ ಸೇರಿ.

ಗಾಡಿಯನ್ನು ಗೇಟಿನ ನಟ್ಟನಡುವೆ ತಿರುಗಿಸಿ ನಿಲ್ಲಿಸಿದೆ. ಹಿಡಿಯ ಕೆಳಗೆ ಹೆಗಲು ಕೊಟ್ಟೆ. ಮೊದಲ ಸಲ ಏಳಲಿಲ್ಲ. ಎಲ್ಲಿಂದಲೋ ಗಿಡ್ಡಕ್ಕ ಬಂದು ಪಕ್ಕದಲ್ಲಿ ಹೆಗಲು ಕೊಟ್ಟಳು, ನಿಮ್ಮಜ್ಜಿ ಪಿಂಡ ಎಂದು ಯಾರಿಗೋ ಬಯ್ಯುತ್ತ. ಗಾಡಿ ಮಗುಚಿತು. ಕರಿಯ ಹೂಳು ಗೇಟಿನ ಈ ಕಂಬದಿಂದ ಆ ಕಂಬದವರೆಗೆ ಹರಡಿಕೊಂಡಿತು. ಅದರೊಳಗೆ ಕೂದಲು ಇತ್ತು, ಬ್ಯಾಂಡೇಜು ಇತ್ತು, ಸತ್ತ ಹೆಗ್ಗಣ ಇತ್ತು, ಆ ಕಾಲೇಜು, ಆ ಹಾಸ್ಟೆಲು, ಆ ಬೀದಿಯ ಮನೆಗಳು ತೊಳೆದು ಕಳಿಸಿದ್ದೆಲ್ಲ ಇತ್ತು. ಗುಂಪು ನಿಂತಿತು.

ಮೇಸ್ತ್ರಿ ಹೂಳಿನ ಆಚೆ ದಡದಲ್ಲಿ ನಿಂತು ಬಾಯಿ ಬಡಿದುಕೊಂಡ. ನಿನ್ನ ಕೆಲಸ ಹೋಯ್ತು, ನಿನ್ನ ಕೇರಿಯವರನ್ನೂ ಒಬ್ಬೊಬ್ಬರನ್ನೇ ಕಿತ್ತು ಹಾಕ್ತೀನಿ, ಪೊಲೀಸರನ್ನು ಕರೆಸ್ತೀನಿ ಎಂದ. ಪೊಲೀಸರು ಬರುವುದು ನಿಜವೇ ಇತ್ತು, ದೂರದಲ್ಲಿ ಜೀಪು ಕೇಳಿಸುತ್ತಿತ್ತು. ಕೊನೆಗೆ ಅವನ ದನಿ ಸೋತು, “ಎತ್ತೇ ಇದನ್ನ. ಕೈ ಮುಗೀತೀನಿ, ಮೊದಲು ಇದನ್ನ ಗುಡಿಸೇ,” ಎಂದ.

“ಗುಡಿಸೋಕೆ ಅವರು ಬಂದಿದ್ದಾರಲ್ಲ ಸಾರ್,” ಎಂದೆ. “ಪೊರಕೆನೂ ಅವರ ಹತ್ರಾನೇ ಇದೆ.”

ಗಾಡಿಯ ಮಗುಚಿದ ಬೆನ್ನಿನ ಮೇಲೆ ಕೂತೆ. ಪಕ್ಕದಲ್ಲಿ ಗಿಡ್ಡಕ್ಕ ಕೂತಳು. ಹೂಳು ನೀರು ಬಿಟ್ಟುಕೊಂಡು ಮೆಲ್ಲಗೆ ರಸ್ತೆಯ ಕಡೆ ಹರಿಯಿತು, ಅದು ಬಂದ ಹಾಗೆ ಬೂಟುಗಳು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದವು. ಫೋಟೋದವರು ಕ್ಯಾಮೆರಾ ಎತ್ತಿ ಹಿಡಿದು, ಗುಡಿಸಿ, ಈಗ ಗುಡಿಸಿ ಎನ್ನುತ್ತಿದ್ದರು. ನೂರಾರು ಕೈಗಳಲ್ಲಿ ಹೊಸ ಪೊರಕೆ ಇತ್ತು. ಒಬ್ಬನೂ ಬಗ್ಗಲಿಲ್ಲ.